ಟಾಹೋ ಸರೋವರ: ಯಾವಾಗ ಇಳಿಯಬೇಕು, ಯಾವ ದಡದಲ್ಲಿ, ಎಷ್ಟು ಹೊತ್ತು?

ಕ್ಯಾಲಿಫೋರ್ನಿಯಾ–ನೆವಾಡಾ ಗಡಿಯಲ್ಲಿರುವ ಟಾಹೋ ಸರೋವರಕ್ಕೆ ಬೇಸಿಗೆಯಲ್ಲಿ ಹೊರಡುವ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡಿಗರು ಮತ್ತು ಅವರ ಮನೆಗೆ ಊರಿನಿಂದ ಹೋಗುತ್ತಿರುವ ಹಿರಿಯರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಜೂನ್ ಮೊದಲ ವಾರ ಹೋಗುತ್ತಿದ್ದೇವೆ. ಫೋನಿನಲ್ಲಿ 27 ಡಿಗ್ರಿ ಅಂತ ತೋರಿಸುತ್ತಿದೆ. ಮಕ್ಕಳನ್ನು ಈಜಲು ಬಿಡಬಹುದೇ?
— ಓದುಗರು, ಸನ್ನಿವೇಲ್

ಆ 27 ಗಾಳಿಯದ್ದು. ಜೂನ್ ಮೊದಲಲ್ಲಿ ನೀರು ಸಾಮಾನ್ಯವಾಗಿ 11ರಿಂದ 14 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಸರೋವರ ಇರುವುದು ಸುಮಾರು 1,900 ಮೀಟರ್ ಎತ್ತರದಲ್ಲಿ, ಅತಿ ಹೆಚ್ಚಿನ ಆಳ 501 ಮೀಟರ್. ಇಷ್ಟು ನೀರು ಬಿಸಿಯಾಗಲು ಬೇಸಿಗೆ ಪೂರ್ತಿ ಬೇಕು, ಜೊತೆಗೆ ಜೂನ್‌ನಲ್ಲಿ ಕರಗಿದ ಹಿಮದ ನೀರು ಹೊಳೆಗಳಲ್ಲಿ ಇನ್ನೂ ಬರುತ್ತಿರುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ಮೇಲ್ಮೈ 5–6 ಡಿಗ್ರಿಗೆ ಇಳಿದಿರುತ್ತದೆ. ಜುಲೈ ನಡುವಿಗೆ 17–18, ಆಗಸ್ಟ್‌ನಲ್ಲಿ 19–21. ಸೆಪ್ಟೆಂಬರ್ ಮೊದಲರ್ಧದಲ್ಲೂ 18ರ ಹತ್ತಿರ ನಿಲ್ಲುತ್ತದೆ, ಜನಸಂದಣಿಯೂ ಇಳಿದಿರುತ್ತದೆ. ಈಜಲೆಂದೇ ಹೋಗುವುದಾದರೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗಿನ ದಿನಗಳನ್ನೇ ಆರಿಸಿ. ಜೂನ್‌ನಲ್ಲೇ ಹೋಗಬೇಕಾದರೆ ಮಕ್ಕಳ ಆಟ ಮೊಣಕಾಲುದ್ದದ ನೀರಿಗೆ ಸಾಕು.

ಮರಳಿನ ದಡದಲ್ಲಿ ಕಾಲಿಟ್ಟು ‘ಪರವಾಗಿಲ್ಲ, ಬೆಚ್ಚಗಿದೆ’ ಎನ್ನಬೇಡಿ. ಅಲ್ಲಿ ತೆಳ್ಳನೆಯ ನೀರನ್ನು ಬಿಸಿಲು ಕಾಯಿಸಿರುತ್ತದೆ. ಮೀನಿನ ತೊಟ್ಟಿಗೆ ಹಾಕುವ ಥರ್ಮಾಮೀಟರಿಗೆ ದಾರ ಕಟ್ಟಿ, ಸೊಂಟದಾಳದಲ್ಲಿ ಬುಡದ ಹತ್ತಿರ ಎರಡು ನಿಮಿಷ ಇಳಿಬಿಟ್ಟು ನೋಡಿ. ಲೆಕ್ಕಕ್ಕೆ ಬರುವುದು ಆ ಅಂಕಿ.

ಕಳೆದ ಜುಲೈಯಲ್ಲಿ ಪಶ್ಚಿಮ ದಡದಲ್ಲಿ ಶುಕ್ರವಾರ ಚೆನ್ನಾಗಿ ಈಜಿದೆವು. ಭಾನುವಾರ ಅದೇ ಜಾಗದಲ್ಲಿ ಕಾಲಿಡಲಾಗಲಿಲ್ಲ. ಬಿಸಿಲೇನೂ ಕಮ್ಮಿಯಾಗಿರಲಿಲ್ಲ.
— ಓದುಗರು, ಫ್ರೀಮಾಂಟ್

ನಡುವೆ ಶನಿವಾರ ಜೋರು ಗಾಳಿ ಬೀಸಿರಬೇಕು. ಬೇಸಿಗೆಯಲ್ಲಿ ಬೆಚ್ಚನೆಯ ನೀರು ಹಾಲಿನ ಮೇಲಿನ ಕೆನೆಯಂತೆ ಮೇಲೆ ಮಾತ್ರ ಇರುತ್ತದೆ. ಕೆಳಗಿರುವುದೆಲ್ಲ ತಣ್ಣೀರು; ತೀರ ಆಳದಲ್ಲಿ ವರ್ಷವಿಡೀ 4–5 ಡಿಗ್ರಿ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಒಂದೆರಡು ದಿನ ಬಲವಾಗಿ ಬೀಸಿತೆಂದರೆ ಮೇಲಿನ ಕೆನೆಯನ್ನು ಪೂರ್ವದ ದಡಕ್ಕೆ ತಳ್ಳಿಬಿಡುತ್ತದೆ, ಖಾಲಿಯಾದ ಪಶ್ಚಿಮದ ದಡಕ್ಕೆ ಅಡಿಯ ತಣ್ಣೀರು ಎದ್ದು ಬರುತ್ತದೆ. ಒಂದು ದಿನದಲ್ಲಿ ಐದಾರು ಡಿಗ್ರಿ ಇಳಿಯುವುದು ದೊಡ್ಡದೇನಲ್ಲ. ಕೆನೆ ತೆಳ್ಳಗಿರುವ ಜೂನ್–ಜುಲೈಯಲ್ಲಿ ಇದು ಸುಲಭವಾಗಿ ಆಗುತ್ತದೆ. ಆಗಸ್ಟ್ ಕೊನೆಗೆ ಆ ಪದರ ದಪ್ಪವಾಗುವುದರಿಂದ ಅಲುಗಾಡಿಸಲು ಇನ್ನೂ ಜೋರಾದ ಗಾಳಿ ಬೇಕು.

ಹಾಗಾಗಿ ಹೊರಡುವ ಮುನ್ನ ಹಿಂದಿನ ಎರಡು ದಿನದ ಗಾಳಿ ನೋಡಿ. ಜೋರಾಗಿದ್ದರೆ ಮೀಕ್ಸ್ ಬೇ, ಶುಗರ್ ಪೈನ್ ಪಾಯಿಂಟ್ ಬಿಟ್ಟು ಪೂರ್ವದ ಸ್ಯಾಂಡ್ ಹಾರ್ಬರ್ ಅಥವಾ ಜೆಫಿರ್ ಕೋವ್ ಕಡೆ ಹೋಗಿ. ಸ್ಯಾಂಡ್ ಹಾರ್ಬರ್‌ನಲ್ಲಿ ಬೇಸಿಗೆಯ ಬೆಳಿಗ್ಗೆಯೇ ಪಾರ್ಕಿಂಗ್ ತುಂಬುತ್ತದೆ, ಮೊದಲೇ ವಿಚಾರಿಸಿಕೊಳ್ಳಿ.

ಈಜುಕೊಳದಲ್ಲಿ ನಿಲ್ಲದೆ ಒಂದು ಕಿಲೋಮೀಟರ್ ಈಜುತ್ತೇನೆ. ತಣ್ಣೀರಿಗೆ ಬೇರೆ ತಯಾರಿ ಬೇಕೇ?
— ಓದುಗರು, ಸ್ಯಾನ್ ಹೋಸೆ

ಖಂಡಿತ ಬೇಕು. ಈಜುಕೊಳದ ನೀರು 26–28 ಡಿಗ್ರಿ. 15ಕ್ಕಿಂತ ತಣ್ಣಗಿನ ನೀರಿಗೆ ಹಠಾತ್ತನೆ ಬಿದ್ದರೆ ಮೊದಲು ಆಗುವುದು ‘ಹಾ!’ ಎಂದು ಉಸಿರು ಒಳಗೆಳೆದುಕೊಳ್ಳುವುದು. ಅದು ನಮ್ಮ ಹಿಡಿತದಲ್ಲಿಲ್ಲ. ಆ ಕ್ಷಣ ಮುಖ ನೀರಿನೊಳಗಿದ್ದರೆ ನೀರೇ ಒಳಗೆ ಹೋಗುತ್ತದೆ. ಚೆನ್ನಾಗಿ ಈಜುವವರೂ ದೋಣಿಯಿಂದ ಹಾರಿ ಮುಳುಗುವುದು ಹೀಗೆ, ಆದ್ದರಿಂದ ಹಾರಲೇಬೇಡಿ. ನಡೆದು ಇಳಿಯಿರಿ, ಸೊಂಟದಾಳದಲ್ಲಿ ನಿಂತು ಮಣಿಕಟ್ಟು, ಕತ್ತು, ಮುಖಕ್ಕೆ ನೀರು ಹಚ್ಚಿಕೊಳ್ಳಿ. ಏದುಸಿರು ಒಂದೆರಡು ನಿಮಿಷದಲ್ಲಿ ತಗ್ಗುತ್ತದೆ. ಒಂದು ಪೂರ್ತಿ ವಾಕ್ಯ ತಡವರಿಸದೆ ಹೇಳಲು ಬಂದ ಮೇಲೆ ಈಜು ಶುರುಮಾಡಿ. ಅಕಸ್ಮಾತ್ ಬಿದ್ದಿರೋ, ಈಜುವ ಪ್ರಯತ್ನ ಬಿಟ್ಟು ಮೊದಲು ಅಂಗಾತ ತೇಲಿ.

ಆಮೇಲೆ ಸೋಲುವುದು ಕೈಕಾಲು. ಮೈಯ ಒಳಗಿನ ಬಿಸಿ ಇಳಿಯುವ ಮುಂಚೆಯೇ ತೋಳಿನ ಸ್ನಾಯುಗಳು ತಣ್ಣಗಾಗಿ ಹೊಡೆತ ಗಿಡ್ಡವಾಗುತ್ತದೆ, ಬೆರಳು ಅಗಲಿಕೊಳ್ಳುತ್ತವೆ. ಐದೈದು ನಿಮಿಷಕ್ಕೊಮ್ಮೆ ಕಿರುಬೆರಳನ್ನು ಹೆಬ್ಬೆರಳಿಗೆ ತಾಗಿಸಿ ನೋಡಿ. ತಾಗದಿದ್ದರೆ ತಕ್ಷಣ ದಡಕ್ಕೆ ಬನ್ನಿ. ಅಭ್ಯಾಸವಿಲ್ಲದವರಿಗೆ 15 ಡಿಗ್ರಿ ಆಸುಪಾಸಿನಲ್ಲಿ ಬರಿಮೈಯಲ್ಲಿ ಹತ್ತು ನಿಮಿಷವೇ ಹೆಚ್ಚು. 16–18ಕ್ಕೆ 3/2 ಮಿಲಿಮೀಟರಿನ (ಎದೆ–ಬೆನ್ನಿಗೆ 3, ಕೈಕಾಲಿಗೆ 2 ಮಿ.ಮೀ. ದಪ್ಪ) ಮೈಗಂಟುವ ರಬ್ಬರ್ ಈಜುಡುಗೆ, ಅಂದರೆ ವೆಟ್‌ಸೂಟ್, ಅದಕ್ಕಿಂತ ಕೆಳಗೆ 4/3 ಮತ್ತು ಅದೇ ರಬ್ಬರಿನ (ನಿಯೋಪ್ರೀನ್) ಟೋಪಿ ತೆಗೆದುಕೊಳ್ಳಿ. ಬಾಡಿಗೆಗೆ ತರುವಾಗ ಕತ್ತು ಮತ್ತು ಸೊಂಟದ ಹಿಂಭಾಗ ಮೈಗೆ ಅಂಟಿವೆಯೇ ಎಂದು ನೋಡಿ. ಅಲ್ಲಿ ಸಡಿಲವಿದ್ದರೆ ಪ್ರತಿ ಹೊಡೆತಕ್ಕೂ ಹೊಸ ತಣ್ಣೀರು ಒಳಗೆ ನುಗ್ಗಿ ಸೂಟು ಹಾಕಿಯೂ ಪ್ರಯೋಜನವಿಲ್ಲ.

ದಡಕ್ಕೆ ಸಮಾನಾಂತರವಾಗಿ, ನೆಲಕ್ಕೆ ಕಾಲೂರುವಷ್ಟು ಆಳದಲ್ಲೇ ಈಜಿ. ನೀರು ಬಹಳ ತಿಳಿಯಾಗಿರುವುದರಿಂದ ಮೂರಾಳು ಆಳದ ಬಂಡೆಯೂ ಕೈಗೆಟುಕುವಂತೆ ಕಾಣಿಸುತ್ತದೆ. ಹೊರಬಂದ ಮೇಲೂ ಹತ್ತಿಪ್ಪತ್ತು ನಿಮಿಷ ಮೈ ಇನ್ನಷ್ಟು ತಣ್ಣಗಾಗುತ್ತಲೇ ಇರುತ್ತದೆ. ಒದ್ದೆ ಬಟ್ಟೆ ಕೂಡಲೇ ಬಿಚ್ಚಿ, ಒರೆಸಿಕೊಂಡು, ಸ್ವೆಟರ್, ಟೋಪಿ ಹಾಕಿ, ಫ್ಲಾಸ್ಕಿನಿಂದ ಬಿಸಿ ಬಿಸಿ ಸಿಹಿ ಚಹಾ ಕುಡಿಯಿರಿ. ನಡುಕ ನಿಲ್ಲುವವರೆಗೆ ಕಾರು ಓಡಿಸಬೇಡಿ.

ನನಗೆ 66. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೇನೆ. ಚಿಕ್ಕಂದಿನಿಂದ ತೋಟದ ಬಾವಿಯಲ್ಲಿ ಈಜಿದವನು. ಮಗನ ಜೊತೆ ಟಾಹೋದಲ್ಲಿ ಈಜಬಹುದೇ?
— ಓದುಗರು, ಮಂಡ್ಯ

ಸ್ವಾಮಿ, ನಮ್ಮ ಬಯಲಿನ ಬಾವಿಯ ನೀರು ಸುಮಾರು 25 ಡಿಗ್ರಿ. ಆ ಅನುಭವ ಇಲ್ಲಿ ಸಾಲದು. ತಣ್ಣೀರು ತಾಗಿದೊಡನೆ ಚರ್ಮದ ರಕ್ತನಾಳಗಳು ಬಿಗಿದು, ಎದೆಬಡಿತವೂ ಬಿ.ಪಿ.ಯೂ ಒಟ್ಟಿಗೆ ಏರುತ್ತವೆ. ನಿಮ್ಮ ವೈದ್ಯರನ್ನು ಕೇಳದೆ ಮೊಣಕಾಲಿಗಿಂತ ಆಳಕ್ಕೆ ದಯವಿಟ್ಟು ಹೋಗಬೇಡಿ. ಎತ್ತರದ ಜಾಗವಾದ್ದರಿಂದ ಮೊದಲ ದಿನ ಮೆಟ್ಟಿಲು ಹತ್ತಿದರೂ ಏದುಸಿರು ಬರಬಹುದು, ಆ ದಿನ ವಿಶ್ರಾಂತಿಗೇ ಇರಲಿ.

ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟುತ್ತದೆಯೇ?
— ಓದುಗರು, ಧಾರವಾಡ

ಇಲ್ಲ. ಆಳದಲ್ಲಿ ಕೂಡಿಟ್ಟ ಶಾಖ ದೊಡ್ಡದು, ಗಾಳಿ ನೀರನ್ನು ಕಲಕುತ್ತಲೇ ಇರುತ್ತದೆ. ತೀರ ಚಳಿಯಾದಾಗ ಎಮರಾಲ್ಡ್ ಬೇ ಎಂಬ ಕಿರುಕೊಲ್ಲಿ ಮಾತ್ರ ಗಟ್ಟಿಯಾಗುವುದುಂಟು.

ಗಾಳಿ ತುಂಬುವ ಟ್ಯೂಬು, ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್ ಒಯ್ಯುತ್ತಿದ್ದೇವೆ. ಏನು ನೋಡಿಕೊಳ್ಳಬೇಕು?
— ಓದುಗರು, ಸ್ಯಾಕ್ರಮೆಂಟೊ

ಬೆಳಿಗ್ಗೆ ಬೇಗ ಇಳಿದು ಹನ್ನೊಂದರೊಳಗೆ ಮುಗಿಸಿ, ಮಧ್ಯಾಹ್ನದ ಗಾಳಿ ಇಲ್ಲಿ ಹೆಚ್ಚುಕಡಿಮೆ ದಿನವೂ ಏಳುತ್ತದೆ. ಪಶ್ಚಿಮ ದಡದಲ್ಲಿ ಬೆಟ್ಟದ ಮರೆ ಇರುವುದರಿಂದ ಅಂಚಿನ ನೀರು ಕನ್ನಡಿಯಂತಿರುತ್ತದೆ. ನೂರಿನ್ನೂರು ಮೀಟರ್ ಆಚೆ ಅದೇ ಗಾಳಿ ಟ್ಯೂಬನ್ನು ನಡುನೀರಿಗೆ ಎಳೆದೊಯ್ಯುತ್ತದೆ. ಟ್ಯೂಬು ಜಾರಿ ಹೋದರೆ ಹೋಗಲಿ, ಅದರ ಹಿಂದೆ ಈಜಬೇಡಿ. ಪ್ಯಾಡಲ್ ಬೋರ್ಡ್ ಕಾನೂನಿನ ಲೆಕ್ಕದಲ್ಲಿ ದೋಣಿಯೇ, ಆದ್ದರಿಂದ ತಲೆಗೊಂದು ಲೈಫ್ ಜಾಕೆಟ್ ಇರಲೇಬೇಕು. ಮಕ್ಕಳ ಮೈಮೇಲೆ ತೊಡಿಸಿರಬೇಕು, ದೊಡ್ಡವರೂ ತೊಟ್ಟೇ ಇರಿ. 2025ರ ಜೂನ್ 21ರಂದು ದಿಢೀರನೆ ಎದ್ದ ಬಿರುಗಾಳಿಗೆ ನೈಋತ್ಯದ ದಡದ ಹತ್ತಿರ ಮೋಟಾರು ದೋಣಿಯೊಂದು ಮಗುಚಿ, ಅದರಲ್ಲಿದ್ದ ಹತ್ತು ಜನರಲ್ಲಿ ಎಂಟು ಮಂದಿ ತೀರಿಕೊಂಡರು. ತಣ್ಣೀರಿನಲ್ಲಿ ಬೆರಳು ಜೋಮು ಹಿಡಿದ ಮೇಲೆ ಜಾಕೆಟ್ಟಿನ ಬಕಲ್ ಹಾಕಲು ಬರುವುದಿಲ್ಲ, ಹಾಕುವುದನ್ನು ದಡದಲ್ಲೇ ಹಾಕಿ. ಫೋನನ್ನು ನೀರು ಹೋಗದ ಚೀಲದಲ್ಲಿಟ್ಟು ಕತ್ತಿಗೆ ತೂಗಿಸಿಕೊಳ್ಳಿ, ತುರ್ತಿಗೆ 911.