ಹಕ್ಕಿ ನೋಡೋಕೆ ಯಾವ ಗಾಡಿ? ಪಾಂಡವಪುರದ ಮೇಷ್ಟ್ರಿಗೆ ಉತ್ತರ

ಮೇಷ್ಟ್ರೇ, ನಮಸ್ಕಾರ.

ನೀವು ಕೇಳಿದ್ದು ಇಷ್ಟು. ಮನೆ ಪಾಂಡವಪುರದಲ್ಲಿ. ತಿಂಗಳಿಗೆ ಮೂರು ನಾಲ್ಕು ಸಲ ಹಕ್ಕಿ ನೋಡಲು ಹೋಗುತ್ತೀರಿ. ಜೊತೆಗೆ ಮೂವರು ಗೆಳೆಯರು, ಕ್ಯಾಮೆರಾ, ಟ್ರೈಪಾಡ್, ಬುತ್ತಿ. 5 ಲಕ್ಷದ ಒಳಗೆ ಹಳೇ ಗಾಡಿ ಬೇಕು. ಕೆರೆ ಪಕ್ಕದ ಮಣ್ಣು ದಾರಿಗೂ ಆಗಬೇಕು, ಮೈಲೇಜೂ ಕೊಡಬೇಕು. ಗುಂಪಿನಲ್ಲಿ ಮೂರು ಜನ ಆಗಲೇ ಉತ್ತರ ಕೊಟ್ಟಿದ್ದಾರೆ. ಮೂವರದ್ದೂ ಒಂದೇ ಮಾತು: ಕಾಡು ಮೇಡು ಅಂದಮೇಲೆ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ) ಜೀಪೇ ಬೇಕು, ಶಿಕಾರಿ ಕಾಲದಿಂದ ಬಂದದ್ದು ಅದೇ ಅಂತ.

ನನಗೆ ಆ ಮಾತು ಒಪ್ಪಿಗೆ ಇಲ್ಲ. ಶಿಕಾರಿಯವರಿಗೆ ದಾರಿ ಇಲ್ಲದ ಕಡೆ ನುಗ್ಗಬೇಕಿತ್ತು, ಹೊಡೆದ ಪ್ರಾಣಿಯನ್ನು ಹೇರಿಕೊಂಡು ಬರಬೇಕಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕೆಲಸವೇ ನಿಂತಿತು, ನಿಲ್ಲಲೇಬೇಕಿತ್ತು. ನಮಗೆ ಬೇಕಾದದ್ದು ಬೇರೆ. ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿಗೆ ಸ್ವಂತ ಗಾಡಿ ಬಿಡುವುದಿಲ್ಲ. ನಿಮ್ಮ ಜೀಪ್ ಎಷ್ಟೇ ಗಟ್ಟಿ ಇದ್ದರೂ ಹೊರಗೆ ನಿಲ್ಲಿಸಿ ಅವರ ಗಾಡಿ ಹತ್ತಬೇಕು. ಇನ್ನು ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ಮೇಲುಕೋಟೆ, ತೊಣ್ಣೂರು ಕೆರೆ, ನಂಜನಗೂಡು ಕಡೆಯ ಹದಿನಾರು ಕೆರೆ, ಎಲ್ಲದಕ್ಕೂ ಟಾರು ರಸ್ತೆ ಇದೆ.

ನನ್ನ ಗಾಡಿಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಎಲ್ಲಿಗೆ ಹೋದೆ, ಎಷ್ಟು ಓಡಿತು, ಎಷ್ಟು ಪೆಟ್ರೋಲ್ ಹಾಕಿಸಿದೆ, ಯಾವ ಹಕ್ಕಿ ಕಂಡಿತು, ಎಲ್ಲ ಅದರಲ್ಲೇ. ನಿಮ್ಮ ಪ್ರಶ್ನೆ ನೋಡಿ ನಿನ್ನೆ ರಾತ್ರಿ ಕೂತು ಕಳೆದ ವರ್ಷದ ಪುಟಗಳನ್ನು ಕೂಡಿಸಿದೆ. ಸುಮಾರು 8,000 ಕಿ.ಮೀ. ಓಡಿಸಿದ್ದೇನೆ. ಅದರಲ್ಲಿ ಟಾರು ಬಿಟ್ಟು ಮಣ್ಣಿಗೆ ಇಳಿದದ್ದು 300 ಕಿ.ಮೀ. ಕೂಡ ಇಲ್ಲ. ಆ ಮಣ್ಣಿನಲ್ಲೂ ಚಿಕ್ಕ ಕಾರು ಹೋಗಲಾರದ ಜಾಗ ಸಿಕ್ಕಿದ್ದು ಎರಡೇ ಸಲ. ಎರಡು ಸಲವೂ ಗಾಡಿ ನಿಲ್ಲಿಸಿ ಅರ್ಧ ಕಿಲೋಮೀಟರ್ ನಡೆದೆವು. ಹಾಗೆ ನಡೆದ ದಿನವೇ ಮೇಲುಕೋಟೆ ಬಂಡೆಗಳ ನಡುವೆ ಹಳದಿ ಕತ್ತಿನ ಪಿಕಳಾರ ಸಿಕ್ಕಿದ್ದು. ಜೀಪಿನಲ್ಲಿ ಗುರ್ ಅಂತ ಹತ್ತಿಸಿಕೊಂಡು ಹೋಗಿದ್ದರೆ ಖಂಡಿತ ಹಾರಿಹೋಗಿರುತ್ತಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಕೊನೆಯ ಅರ್ಧ ಕಿಲೋಮೀಟರಿಗೋಸ್ಕರ ಇಡೀ ವರ್ಷ ಪೆಟ್ರೋಲ್ ಸುರಿಯಬೇಡಿ.

ಈಗ ದುಡ್ಡಿನ ಲೆಕ್ಕ. ನೀವು ತಿಂಗಳಿಗೆ 700 ಕಿ.ಮೀ. ಓಡಿಸುತ್ತೀರಿ ಅಂದುಕೊಳ್ಳೋಣ. ಲೆಕ್ಕ ಸುಲಭವಾಗಲಿ ಅಂತ ಪೆಟ್ರೋಲ್ ಲೀಟರಿಗೆ 100 ರೂಪಾಯಿ ಅಂತಲೇ ಹಿಡಿಯೋಣ. ನಿಮ್ಮ ಬಜೆಟ್ಟಿಗೆ ಸಿಗುವ ಹಳೇ ಜಿಪ್ಸಿ ಜೀಪ್ ಲೀಟರಿಗೆ 10 ಕಿ.ಮೀ. ಕೊಟ್ಟರೆ ತಿಂಗಳಿಗೆ 70 ಲೀಟರ್. 17 ಕೊಡುವ ಚಿಕ್ಕ ಕಾರಿಗೆ 41 ಲೀಟರ್ ಸಾಕು. ತಿಂಗಳಿಗೆ 2,900 ರೂಪಾಯಿ ವ್ಯತ್ಯಾಸ, ವರ್ಷಕ್ಕೆ ಹತ್ತಿರಹತ್ತಿರ 35,000. ಒಂದು ಒಳ್ಳೆಯ ಬೈನಾಕ್ಯುಲರ್ ಬರುತ್ತದೆ ಆ ದುಡ್ಡಿಗೆ.

ಆದರೆ ಇಲ್ಲೇ ಇನ್ನೊಂದು ವಿಷಯ ಗಮನಿಸಿ. 17 ಕೊಡುವ ಕಾರು ಬಿಟ್ಟು 20 ಕೊಡುವುದನ್ನು ಹುಡುಕಿದರೆ ಉಳಿಯುವುದು ತಿಂಗಳಿಗೆ 6 ಲೀಟರ್ ಅಷ್ಟೇ. 10ರಿಂದ 17ಕ್ಕೆ ಬಂದಾಗ 29 ಲೀಟರ್ ಉಳಿಯಿತು, ಅಲ್ವಾ? ಅಂದರೆ ದೊಡ್ಡ ಉಳಿತಾಯ ಭಾರದ ಗಾಡಿ ಬಿಟ್ಟು ಹಗುರ ಗಾಡಿಗೆ ಬಂದಾಗಲೇ ಆಗಿಬಿಡುತ್ತದೆ. ಆಮೇಲೆ ಚಿಕ್ಕ ಕಾರುಗಳ ನಡುವೆ ಇದು 1 ಜಾಸ್ತಿ, ಅದು 2 ಜಾಸ್ತಿ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ನೋಡಬೇಕಾದದ್ದು ನೆಲದಿಂದ ಗಾಡಿ ಎಷ್ಟು ಎತ್ತರ ಇದೆ, ಕಿಟಕಿ ಹೇಗಿದೆ, ಹಿಂದಿನ ಮಾಲೀಕರು ಹೇಗೆ ಇಟ್ಟುಕೊಂಡಿದ್ದಾರೆ ಅನ್ನುವುದು.

ಎತ್ತರದ ವಿಷಯ ನಾನು ಪೆಟ್ಟು ತಿಂದು ಕಲಿತದ್ದು. ಮೊದಲು ನನ್ನ ಹತ್ತಿರ ಒಂದು ತಗ್ಗು ಸೆಡಾನ್ ಇತ್ತು. ಒಂದು ಸಲ ನಾಲ್ಕು ಜನ ಕೂತು ಮೇಲುಕೋಟೆ ಹಿಂಭಾಗದ ಹೊಲದ ದಾರಿಗೆ ಇಳಿದೆವು. ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಜಾಡು ತಗ್ಗಾಗಿತ್ತು, ನಡುವೆ ಹುಲ್ಲು ಬೆಳೆದ ದಿಬ್ಬ. ಆ ಹುಲ್ಲಿನೊಳಗೆ ಒಂದು ಕಲ್ಲು. ಡಬ್ ಅಂತ ಸದ್ದಾಯಿತು. ಇಳಿದು ಬಗ್ಗಿ ನೋಡಿದರೆ ಆಯಿಲ್ ಸಂಪ್, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿ, ಸೀಳಿತ್ತು. ಜೇನುತುಪ್ಪದ ಹಾಗೆ ಆಯಿಲ್ ಎಳೆ ಎಳೆಯಾಗಿ ಹುಲ್ಲಿನ ಮೇಲೆ ಇಳಿಯುತ್ತಿತ್ತು. ಎಂಜಿನ್ ತಕ್ಷಣ ಆಫ್ ಮಾಡಿದ್ದರಿಂದ ಅದು ಉಳಿಯಿತು. ಹೊಲದವರೊಬ್ಬರು ಟ್ರ್ಯಾಕ್ಟರ್ ತಂದು ಎಳೆದುಕೊಟ್ಟರು, ಒಂದು ಪೈಸೆ ಮುಟ್ಟಲಿಲ್ಲ. ನಿಮಗೂ ಎಂದಾದರೂ ಹಾಗಾದರೆ, ಕೆಂಪು ಆಯಿಲ್ ಲೈಟ್ ಬಂದ ಮೇಲೆ ಒಂದು ಮೀಟರ್ ಕೂಡ ಓಡಿಸಬೇಡಿ.

ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿಯ ತಳದವರೆಗಿನ ಎತ್ತರ) ಸಾಮಾನ್ಯವಾಗಿ ಖಾಲಿ ಗಾಡಿಯದು. ನಾಲ್ಕು ಜನ ಕೂತು ಡಿಕ್ಕಿ ತುಂಬಿದರೆ ಗಾಡಿ ಮೂರು ನಾಲ್ಕು ಸೆಂಟಿಮೀಟರ್ ಕುಸಿಯುತ್ತದೆ. ನಾನು ಮಾಡುವ ಪರೀಕ್ಷೆ ಇದು: ನಾಲ್ವರನ್ನೂ ಒಳಗೆ ಕೂರಿಸಿ. ಎಂಜಿನ್ ಕೆಳಗೆ ಕೈ ಚಾಚಿ, ಮುಷ್ಟಿ ಹಿಡಿದು ನೆಲದ ಮೇಲಿಟ್ಟು ಹೆಬ್ಬೆರಳು ಎತ್ತಿ. ಬೆರಳಿನ ತುದಿ ಸಂಪಿಗೆ ತಾಗಬಾರದು. ತಾಗಿದರೆ ಆ ಗಾಡಿ ಹೊಲದ ದಾರಿಗೆ ಬೇಡ.

ಇದೆಲ್ಲ ನೋಡಿದರೆ ನಿಮ್ಮ ಬಜೆಟ್ಟಿಗೆ ನನ್ನ ಮೊದಲ ಆಯ್ಕೆ ಮಾರುತಿ ಇಗ್ನಿಸ್, ಮ್ಯಾನುವಲ್ ಗೇರಿನದು. 180 ಮಿಲಿಮೀಟರ್ ಎತ್ತರ ಇದೆ, ತೂಕ 850 ಕಿಲೋ ಆಸುಪಾಸು. ಥಾರ್ ಜೀಪ್ ಇದರ ಎರಡರಷ್ಟು ತೂಗುತ್ತದೆ. ನಮ್ಮ ಕಡೆ ಒಂದು ಮಳೆ ಬಿದ್ದ ಮೇಲೆ ಗದ್ದೆ ಬಯಲಿನ ಮಣ್ಣಿನಲ್ಲಿ ಭಾರದ ಗಾಡಿ ಹೂತರೆ ಎತ್ತಲು ಟ್ರ್ಯಾಕ್ಟರೇ ಬರಬೇಕು. ಹಗುರ ಗಾಡಿಯನ್ನು ಮೂವರು ತಳ್ಳಿದರೆ ಆಚೆ ಬರುತ್ತದೆ. ಇಗ್ನಿಸ್ ಸಿಗದಿದ್ದರೆ ವ್ಯಾಗನ್ ಆರ್. ಎತ್ತರ 165 ಮಾತ್ರ, ಆದರೆ ಒಳಗೆ ಜಾಗ ಧಾರಾಳ, ಬಿಡಿಭಾಗ ಎಲ್ಲ ಕಡೆ ಸಿಗುತ್ತವೆ, ಯಾವ ಊರಿನ ಮೆಕ್ಯಾನಿಕ್‌ಗೂ ಗೊತ್ತು. ರೆನೋ ಕ್ವಿಡ್ ಎತ್ತರ ಚೆನ್ನಾಗಿದೆ, ಆದರೆ ನಾಲ್ಕು ದೊಡ್ಡವರಿಗೆ ಇಕ್ಕಟ್ಟು. ಟಾಟಾ ಪಂಚ್ 187 ಮಿಲಿಮೀಟರ್ ಇದೆ, ಗಾಡಿಯೂ ಗಟ್ಟಿ. 5 ಲಕ್ಷಕ್ಕೆ ಒಳ್ಳೆಯದು ಸಿಕ್ಕರೆ ಬಿಡಬೇಡಿ. ಯಾವುದೇ ತಗೊಂಡರೂ ಎಂಜಿನ್ ಕೆಳಗೆ ಒಂದು ಸ್ಟೀಲ್ ಗಾರ್ಡ್ ಹಾಕಿಸಿ. ಮುಂದೆ ಬುಲ್ ಬಾರ್ (ಬಂಪರಿಗೆ ಕಟ್ಟುವ ಕಬ್ಬಿಣದ ಕಂಬಿ) ಮಾತ್ರ ಬೇಡ. ತೂಕ ದಂಡ, ಅದಕ್ಕೆ ಕಾನೂನೂ ಒಪ್ಪುವುದಿಲ್ಲ.

ಕಿಟಕಿ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮಗೆ ಗಾಡಿಯೇ ಮರೆ. ನಡೆದು ಹೋದರೆ 50 ಅಡಿ ದೂರದಲ್ಲೇ ಎದ್ದು ಹಾರುವ ಹಕ್ಕಿ, ಗಾಡಿ ಪಕ್ಕದಲ್ಲಿ ನಿಂತರೂ ಸುಮ್ನೆ ಕೂತಿರುತ್ತದೆ. ಕಳೆದ ಡಿಸೆಂಬರಿನಲ್ಲಿ ಒಂದು ತೂಬಿನ ಹತ್ತಿರ ಗಾಡಿ ನಿಲ್ಲಿಸಿಕೊಂಡಿದ್ದೆ. ಕಪ್ಪುಬಿಳಿ ಮಿಂಚುಳ್ಳಿ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿದು ದಬಕ್ಕನೆ ಬಿತ್ತು. ಮೀನು ಹಿಡಿದು ಬಂದು ನನ್ನ ಕಿಟಕಿಗೆ ಎರಡು ಮಾರು ದೂರದ ಕಂಬಿ ಮೇಲೆ ಕೂತಿತು. ಮೀನನ್ನು ಕಂಬಿಗೆ ಟಪ್ ಟಪ್ ಅಂತ ಬಡಿಯುವ ಸದ್ದೂ ಕೇಳಿಸಿತು. ಇದಕ್ಕೆ ಗಾಜು ಪೂರ್ತಿ ಕೆಳಗೆ ಇಳಿಯಬೇಕು. ಕೆಲವು ಕಾರುಗಳಲ್ಲಿ ಹಿಂದಿನ ಗಾಜು ಅರ್ಧಕ್ಕೇ ನಿಲ್ಲುತ್ತದೆ. ಕೊಳ್ಳುವ ಮುಂಚೆ ನಾಲ್ಕೂ ಇಳಿಸಿ ನೋಡಿ. ಕಿಟಕಿ ಮೇಲೆ ಲೆನ್ಸ್ ಇಡಲು ದುಬಾರಿ ಸ್ಟ್ಯಾಂಡ್ ಬೇಡ. ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದು ಎರಡು ಕಿಲೋ ಹುರುಳಿ ತುಂಬಿ. ಲೆನ್ಸ್ ಅದರ ಮೇಲೆ ಗಟ್ಟಿಯಾಗಿ ಕೂರುತ್ತದೆ.

ನಿಂತ ತಕ್ಷಣ ಎಂಜಿನ್ ಆಫ್ ಮಾಡಿ. ಎಂಜಿನ್ ನಡುಗಿದರೆ ಫೋಟೋನೂ ಅಲುಗುತ್ತದೆ, ಹಕ್ಕಿಗೂ ಗಾಬರಿ. ಚಿಕ್ಕ ಪೆಟ್ರೋಲ್ ಎಂಜಿನ್ ನಿಂತಲ್ಲೇ ಉರಿದರೂ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಏಸಿ ಹಾಕಿಕೊಂಡು ಕೆರೆ ಪಕ್ಕ ಎರಡು ಗಂಟೆ ಕೂರುವವರನ್ನು ನೋಡಿದ್ದೇನೆ. ಅವರ ಗಾಡಿಗೆ ಮೈಲೇಜ್ ಬರುವುದಾದರೂ ಹೇಗೆ?

ಯಾವ ಇಂಧನ ಅಂತಲೂ ಕೇಳಿದ್ದಿರಿ. ಡೀಸೆಲ್ ಬೇಡ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಅದು ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ಸಮ ಓಡಬೇಕು. ತೊಣ್ಣೂರು ಕೆರೆಗೆ ಹೋಗಿ ನಾಲ್ಕು ಕಡೆ ನಿಲ್ಲಿಸಿ ವಾಪಸ್ ಬರುವ ನಮ್ಮ ಓಡಾಟಕ್ಕೆ ಫಿಲ್ಟರ್ ಕಟ್ಟಿಕೊಂಡು ಲೈಟ್ ಹತ್ತುತ್ತದೆ, ಆಮೇಲೆ ರಿಪೇರಿ ಖರ್ಚು. ಸಿಎನ್‌ಜಿ ಖರ್ಚು ಕಡಿಮೆ, ನಿಜ. ಆದರೆ ಹಳೇ ಚಿಕ್ಕ ಕಾರಿನಲ್ಲಿ ಡಿಕ್ಕಿ ಪೂರ್ತಿ ಸಿಲಿಂಡರಿಗೇ ಹೋಗುತ್ತದೆ. ನಾಲ್ಕು ಜನರ ಸಾಮಾನು ಆಮೇಲೆ ಮೇಲಿನ ಕ್ಯಾರಿಯರಿಗೆ. ಕ್ಯಾರಿಯರ್ ಹಾಕಿದರೆ ಗಾಳಿಗೆ ತಡೆ, ಮೈಲೇಜ್ ಅಲ್ಲೂ ಬೀಳುತ್ತದೆ. ನೀವು ದಿನಾ ಮಂಡ್ಯಕ್ಕೆ ಇದೇ ಗಾಡಿಯಲ್ಲಿ ಓಡಾಡುವುದಾದರೆ ಮಾತ್ರ ಸಿಎನ್‌ಜಿ ಯೋಚಿಸಿ, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟ್ ಆಗಿದೆಯಾ ಅಂತ ಕಾಗದ ಕೇಳಿ.

ಉಳಿದದ್ದು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದರಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತಿರುತ್ತದೆ. ನಮ್ಮ ಕಬ್ಬಿನಿಂದಲೂ ಆಗುವ ಎಥನಾಲೇ. ಪೆಟ್ರೋಲಿಗೆ ಹೋಲಿಸಿದರೆ ಅದರಲ್ಲಿ ಶಕ್ತಿ ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಮಿಶ್ರಣದಲ್ಲಿ ಸುಮಾರು 6-7 ಪರ್ಸೆಂಟ್ ಶಕ್ತಿ ಕಡಿಮೆ ಇರುತ್ತದೆ. ಮಾರುವವರು ‘ಇದು 20 ಕೊಡ್ತಿತ್ತು ಸಾರ್’ ಅಂದರೆ ಅದು ಹಿಂದಿನ ಪೆಟ್ರೋಲಿನ ಲೆಕ್ಕ ಇರಬಹುದು. 2023ರ ಏಪ್ರಿಲ್‌ಗಿಂತ ಹಳೇ ಗಾಡಿಯಾದರೆ ಅದನ್ನು ಈ ಮಿಶ್ರಣಕ್ಕೆ ತಕ್ಕಂತೆ ಮಾಡಿರದೆ ಇರಬಹುದು, ಹಾಗಾಗಿ ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನು ಮೆಕ್ಯಾನಿಕ್ ಕೈಲಿ ಒಮ್ಮೆ ನೋಡಿಸಿ.

ಮೈಲೇಜನ್ನು ಮೀಟರ್ ನೋಡಿ ನಂಬಬೇಡಿ. ಬಂಕಿನಲ್ಲಿ ಗನ್ ತಾನಾಗೇ ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. 300 ಕಿ.ಮೀ. ಓಡಿಸಿ ಅದೇ ಬಂಕಿನಲ್ಲಿ ಮತ್ತೆ ಹಾಗೇ ತುಂಬಿಸಿ, ಹಾಕಿದ ಲೀಟರಿನಿಂದ ಭಾಗಿಸಿ. ನನ್ನ ಗಾಡಿ ಎಕ್ಸ್‌ಪ್ರೆಸ್‌ವೇಯಲ್ಲಿ 80ರಲ್ಲಿ ಹೋದರೆ 20 ಕೊಡುತ್ತದೆ, 100ರಲ್ಲಿ ಹೋದರೆ 16ಕ್ಕೆ ಇಳಿಯುತ್ತದೆ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಾಗುತ್ತದೆ, ಅದಕ್ಕೇ. ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಿಸಿ, ಎಷ್ಟು ಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲೇ ಇರುತ್ತದೆ.

ಎರಡು ಎಚ್ಚರಿಕೆ. ಇದು ಯಾವ ಗಾಡಿ ತಗೊಂಡರೂ ಅನ್ವಯ.

ಒಂದು, ನಾಲೆ ಏರಿ. ನಸುಕಿನಲ್ಲಿ ಹಕ್ಕಿ ಸಿಗುತ್ತದೆ ಅಂತ ಕತ್ತಲಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ದಾರಿಗೆ ಗಾಡಿ ತರಬೇಡಿ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜೀವ ಹೋದದ್ದು ನಿಮ್ಮ ತಾಲ್ಲೂಕಿನಲ್ಲೇ, ಅದೂ ಹಾಡಹಗಲಲ್ಲಿ. ಫೋರ್ ಬೈ ಫೋರ್ ಇದ್ದರೆ ಏರಿ ಮೇಲೆ ಹಿಡಿತ ಸಿಗುತ್ತದೆ ಅಂದುಕೊಳ್ಳುವುದು ದೊಡ್ಡ ತಪ್ಪು. ಏರಿಯ ಅಂಚೇ ಕುಸಿದರೆ ನಾಲ್ಕು ಚಕ್ರವೂ ಏನೂ ಮಾಡಲಾರವು. ಊರಿನ ಹತ್ತಿರ ನಿಲ್ಲಿಸಿ, ಟಾರ್ಚ್ ಹಿಡಿದು ನಡೆಯಿರಿ.

ಇನ್ನೊಂದು, ಒಕ್ಕಣೆ. ಜನವರಿ ಹೊತ್ತಿಗೆ, ಪಟ್ಟೆತಲೆ ಹೆಬ್ಬಾತು ನೋಡಲು ಹದಿನಾರು ಕೆರೆಗೆ ಹೋಗುವ ಕಾಲಕ್ಕೇ, ಹಳ್ಳಿ ರಸ್ತೆಗಳಲ್ಲಿ ಹುರುಳಿ, ರಾಗಿ ಹಾಸಿರುತ್ತಾರೆ. ಹುರುಳಿ ಬಳ್ಳಿ ಚಕ್ರದ ಆಕ್ಸಲಿಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಸೈಲೆನ್ಸರ್ ಕಾದಿರುತ್ತದೆ. ಒಣ ಹುಲ್ಲು ಹತ್ತಿಕೊಂಡು ಗಾಡಿಯೇ ಸುಟ್ಟುಹೋದ ಪ್ರಸಂಗಗಳಿವೆ. ಸುಟ್ಟ ವಾಸನೆ ಬಂದರೆ ಮೊದಲು ಎಲ್ಲರೂ ಇಳಿಯಿರಿ, ಕ್ಯಾಮೆರಾ ಆಮೇಲೆ. ಸಾಧ್ಯವಾದರೆ ಬೇರೆ ದಾರಿ ಹಿಡಿಯಿರಿ. ಆಗದಿದ್ದರೆ ಒಬ್ಬರು ಇಳಿದು ಒಕ್ಕಣೆಯವರಿಗೆ ಹೇಳಿ ಸ್ವಲ್ಪ ಸರಿಸಿಸಿಕೊಂಡು ಹೋಗಿ. ದಾಟಿದ ಮೇಲೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ, ಸಿಕ್ಕಿದ್ದನ್ನು ಕೋಲಿನಿಂದ ಎಳೆದು ತೆಗೆಯಿರಿ. ಒಂದು ಚಿಕ್ಕ ಬೆಂಕಿ ಆರಿಸುವ ಸಿಲಿಂಡರ್ ಸೀಟಿನ ಕೆಳಗೆ ಇಟ್ಟುಕೊಳ್ಳಿ.

ಕೊಳ್ಳುವಾಗ ಹಗಲಿನಲ್ಲೇ ನೋಡಿ, ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ಕಾರ್ಪೆಟ್ ಎತ್ತಿ ನೆಲ ಮುಟ್ಟಿ ನೋಡಿ, ತುಕ್ಕು ಅಥವಾ ಒಣಗಿದ ಕೆಸರಿದ್ದರೆ ನೀರಿನಲ್ಲಿ ಮುಳುಗಿದ ಗಾಡಿ ಇರಬಹುದು. ಸಾಲ ತೀರಿದೆ ಅನ್ನುವ ಬ್ಯಾಂಕಿನ ಪತ್ರ (ಎನ್‌ಒಸಿ), ಬಾಕಿ ದಂಡ, ಇನ್ಶೂರೆನ್ಸ್, ಮೂರನ್ನೂ ದುಡ್ಡು ಕೊಡುವ ಮುಂಚೆಯೇ ಕೇಳಿ.

ನೀವು ಫೋಟೋ ಹಾಕಿದ್ದೀರಲ್ಲ, ಕೆಎ-11 ನಂಬರಿನ ಆ ನೀಲಿ ಇಗ್ನಿಸ್, ಇನ್ನೂ ಮಾರಿಲ್ಲದಿದ್ದರೆ ಭಾನುವಾರ ಬೆಳಿಗ್ಗೆ ಟೆಸ್ಟ್ ಡ್ರೈವಿಗೆ ಕೇಳಿ. ನಾನು ಏಳು ಗಂಟೆಗೆ ತೊಣ್ಣೂರು ಕೆರೆ ಹತ್ತಿರ ಇರುತ್ತೇನೆ. ನಿಮ್ಮ ಮೂವರು ಗೆಳೆಯರನ್ನೂ ಕರೆತನ್ನಿ. ಅವರನ್ನು ಒಳಗೆ ಕೂರಿಸಿ, ನಾನೇ ಕೆಳಗೆ ಮಲಗಿ ಹೆಬ್ಬೆರಳು ಇಟ್ಟು ನೋಡಿ ಹೇಳುತ್ತೇನೆ.