ಉಡುಪಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಜಿಮ್‌ಗೆ ಸೇರದೆ ಮನೆಯಲ್ಲೇ ಸ್ಟ್ರೆಂತ್ ಟ್ರೈನಿಂಗ್ ಶುರು ಮಾಡಬಹುದೇ?

ಖಂಡಿತ ಮಾಡಬಹುದು. ಶುರುವಿಗೆ ನಿಮ್ಮ ಮೈಭಾರವೇ ಸಾಕು. ವಾರಕ್ಕೆ 3 ದಿನ ಮಾಡಿ, ನಡುವೆ ಒಂದೊಂದು ದಿನ ಬಿಡುವು ಕೊಡಿ. ಸ್ನಾಯು ಚೇತರಿಸಿಕೊಂಡು ಗಟ್ಟಿಯಾಗುವುದು ಆ ಬಿಡುವಿನಲ್ಲೇ. ದಿನಾ ಮಾಡುವ ಆತುರ ಬೇಡ.

ಬಸ್ಕಿ, ಪುಷ್‌ಅಪ್, ಪ್ಲ್ಯಾಂಕ್‌ನಿಂದ (ಮೊಣಕೈ ಮತ್ತು ಕಾಲ್ಬೆರಳು ನೆಲಕ್ಕೂರಿ, ಮೈ ನೇರ ಇಟ್ಟು ಅಲುಗಾಡದೆ ಇರುವುದು) ಆರಂಭಿಸಿ. ನೆಲದ ಮೇಲೆ ಪುಷ್‌ಅಪ್ ಬರುವುದಿಲ್ಲ ಎಂದು ತುಂಬಾ ಜನ ಅಲ್ಲೇ ಕೈಬಿಡುತ್ತಾರೆ. ಮೊದಲು ಗೋಡೆಗೆ ಕೈಯೂರಿ ಮಾಡಿ. ಸಲೀಸಾದ ಮೇಲೆ ಜಗಲಿಯ ಅಂಚಿಗೆ ಬನ್ನಿ, ಆಮೇಲೆ ನೆಲಕ್ಕೆ. ಕೈ ಊರುವ ಜಾಗ ಕೆಳಗಿಳಿದಷ್ಟೂ ಭಾರ ಹೆಚ್ಚುತ್ತದೆ. ಸೊಂಟ ಜೋತು ಬೀಳಬಾರದು, ತಲೆಯಿಂದ ಹಿಮ್ಮಡಿವರೆಗೆ ಮೈ ನೇರವಾಗಿರಲಿ. 8ರಿಂದ 12 ಸಲ, 3 ಸುತ್ತು. 12 ಸುಲಭ ಅನಿಸಿದರೆ ಸುಮ್ನೆ ಲೆಕ್ಕ ಏರಿಸುತ್ತಾ ಹೋಗಬೇಡಿ, ಭಾರ ಜಾಸ್ತಿ ಮಾಡಿ. ಪ್ಲ್ಯಾಂಕ್ ಮಾತ್ರ 20 ಸೆಕೆಂಡಿನಿಂದ ಶುರು ಮಾಡಿ.

ಬೆನ್ನನ್ನು ಮರೆಯಬೇಡಿ. 5 ಕೆಜಿ ಕುಚ್ಚಲಕ್ಕಿಯನ್ನು ಗಟ್ಟಿ ಬ್ಯಾಗಿಗೆ ಹಾಕಿ. ಬೆನ್ನು ನೇರ ಇಟ್ಟು ಸೊಂಟದಿಂದ ಬಾಗಿ, ಅದನ್ನು ಹೊಟ್ಟೆಯ ಕಡೆಗೆ ಎಳೆಯಿರಿ. ಅದೇ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡರೆ ಬಸ್ಕಿಗೂ ಭಾರ ಆಯಿತಲ್ವಾ?

ನಮ್ಮ ಕರಾವಳಿಯ ಸೆಕೆಗೆ ಬೆವರು ಸುರಿದು ಟೈಲ್ಸ್ ಮೇಲೆ ಕೈ ಜಾರುತ್ತದೆ. ಚಾಪೆಯೂ ಜಾರುತ್ತದೆ, ಒಂದು ರಬ್ಬರ್ ಮ್ಯಾಟ್ ತನ್ನಿ. ಪ್ರೊಟೀನ್ ಪೌಡರ್ ಡಬ್ಬಕ್ಕೆ ದುಡ್ಡು ಹಾಕಬೇಡಿ. ಬಂಗುಡೆ, ಮೊಟ್ಟೆ, ಹುರುಳಿ, ಮೊಸರಿನಲ್ಲೇ ಒಳ್ಳೆಯ ಪ್ರೊಟೀನ್ ಇದೆ.

ಮೊದಲ ವಾರ ಮೈಕೈ ನೋವು ಸಹಜ. ಕೀಲಿನಲ್ಲಿ ಚುಚ್ಚಿದಂತೆ ನೋವಾದರೆ ಅಲ್ಲಿಗೇ ನಿಲ್ಲಿಸಿ. ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ.