ಬಿಜಿಎಂಐ ಆದಮೇಲೆ ಏನು ಆಡಬಹುದು? ನಾನು ಈಚೆಗೆ ಮುಗಿಸಿದ ಕೆಲವು ಗೇಮ್‌ಗಳು

ಪ್ರಶ್ನೆ: ಇಷ್ಟು ದಿನ ಫೋನಿನಲ್ಲಿ ಬಿಜಿಎಂಐ (ಕೊನೆಯವರೆಗೆ ಉಳಿದವರು ಗೆಲ್ಲುವ ಶೂಟಿಂಗ್ ಗೇಮ್) ಬಿಟ್ಟು ಬೇರೇನೂ ಆಡಿಲ್ಲ. ಈಗ ಲ್ಯಾಪ್‌ಟಾಪ್ ತಗೊಂಡಿದ್ದೇನೆ. ನೀವು ಇತ್ತೀಚೆಗೆ ಪೂರ್ತಿ ಆಡಿ ಮುಗಿಸಿದ ಗೇಮ್‌ಗಳು ಯಾವುವು? ಹೇಗನ್ನಿಸಿತು?

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಗೇಮ್ ಮುಗಿದು ಸ್ವಲ್ಪ ದಿನ ಆದಮೇಲೆ ಅದರ ಕಥೆ ನನಗೆ ಅರ್ಧ ಮರೆತುಹೋಗಿರುತ್ತದೆ. ಆದರೆ ಅದು ನನ್ನ ಕೈಯಲ್ಲಿ ಏನು ಕೆಲಸ ಮಾಡಿಸಿತು ಅನ್ನೋದು ಮಾತ್ರ ಚೆನ್ನಾಗಿ ನೆನಪಿರುತ್ತದೆ. ಹಾಗಾಗಿ ನನ್ನ ಅಭಿಪ್ರಾಯ ಎಲ್ಲಾ ಅದರ ಮೇಲೇ ನಿಂತಿರುತ್ತದೆ. ಗ್ರಾಫಿಕ್ಸ್ ಬಗ್ಗೆ ತಿಳಿಯಬೇಕಿದ್ದರೆ ಬೇರೆಯವರ ಉತ್ತರ ನೋಡಿ, ನಂದು ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇರುವ ಹಳೇ ಲ್ಯಾಪ್‌ಟಾಪ್. ಎಲ್ಲವನ್ನೂ ಕಮ್ಮಿ ಸೆಟ್ಟಿಂಗ್‌ನಲ್ಲೇ ಆಡುವವನು ನಾನು.

ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತೇನೆ. ಸೀಟು ಸಿಕ್ಕ ದಿನ ಫೋನಿನಲ್ಲಿ ಆಡುತ್ತೇನೆ. ಹಾಗೆ ಆಡಿ ಮುಗಿಸಿದ್ದು 'ಪೇಪರ್ಸ್, ಪ್ಲೀಸ್'. 2013ರದು, ಲೂಕಸ್ ಪೋಪ್ ಅನ್ನುವವರು ಹೆಚ್ಚುಕಮ್ಮಿ ಒಬ್ಬರೇ ಕೂತು ಮಾಡಿದ್ದು. 2022ರಲ್ಲಿ ಫೋನಿಗೂ ಬಂತು. ನೆಟ್‌ವರ್ಕ್ ಬೇಕಿಲ್ಲ. 1982ನೇ ಇಸವಿ, ಅರ್ಸ್ಟೋಟ್ಸ್ಕಾ ಅಂತ ಒಂದು ಕಟ್ಟುಕಥೆಯ ದೇಶ, ಪಕ್ಕದ ದೇಶದ ಜೊತೆ ಆರು ವರ್ಷದ ಯುದ್ಧ ಆಗತಾನೇ ಮುಗಿದಿದೆ. ಗಡಿಯ ಚೆಕ್‌ಪೋಸ್ಟಿನಲ್ಲಿ ಕಾಗದಪತ್ರ ನೋಡುವ ಕೆಲಸ ನಿಮಗೆ ಲಾಟರಿಯಲ್ಲಿ ಸಿಗುತ್ತದೆ. ಅಷ್ಟೇ ಗೇಮ್. ಒಬ್ಬೊಬ್ಬರಾಗಿ ಬಂದು ಪಾಸ್‌ಪೋರ್ಟ್ ಕೊಡುತ್ತಾರೆ. ಹೆಸರು, ತಾರೀಖು, ಫೋಟೋ, ಊರು ಎಲ್ಲಾ ತಾಳೆ ನೋಡಿ ಹಸಿರು ಸೀಲೋ ಕೆಂಪು ಸೀಲೋ ಹೊಡೆಯಬೇಕು.

ಸರಿಯಾಗಿ ನೋಡಿ ಕಳಿಸಿದ ಪ್ರತಿ ಮನುಷ್ಯನಿಗೆ 5 ಕ್ರೆಡಿಟ್ ಸಂಬಳ. ದಿನದ ಮೊದಲ ಎರಡು ತಪ್ಪಿಗೆ ಬರೀ ಎಚ್ಚರಿಕೆ, ಮೂರನೆಯದರಿಂದ ದಂಡ. ಸಂಜೆ ಲೆಕ್ಕದ ಪಟ್ಟಿ ಬರುತ್ತದೆ: ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು. ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ ಇದ್ದಾರೆ. ದುಡ್ಡು ಸಾಲದಿದ್ದರೆ ಊಟ ಬಿಡಬೇಕು ಇಲ್ಲಾ ಚಳಿ ತಡೆಯಬೇಕು. ಆಗ ಒಬ್ಬ ಗಂಡಸು ಬರುತ್ತಾನೆ, ಕಾಗದ ಎಲ್ಲಾ ಸರಿ ಇದೆ. ಹಿಂದೆಯೇ ನನ್ನ ಹೆಂಡತಿ ಬರ್ತಿದ್ದಾಳೆ, ದಯವಿಟ್ಟು ಬಿಟ್ಟುಬಿಡಿ ಅನ್ನುತ್ತಾನೆ. ಅವಳ ಹತ್ತಿರ ಪ್ರವೇಶ ಪತ್ರ ಇಲ್ಲ. ಬಿಟ್ಟರೆ ನಿಮಗೆ ನಷ್ಟ. ಬಿಡದಿದ್ದರೆ? ಅದನ್ನು ಯಾರೂ ಕೇಳುವುದಿಲ್ಲ. ಮುಂದಿನವರು ಬರುತ್ತಾರೆ.

ನಮಗೆ ಕೌಂಟರಿನ ಈ ಕಡೆ ನಿಂತು ಅಭ್ಯಾಸ ಅಲ್ವಾ? ಜೆರಾಕ್ಸ್ ಒಂದು ಕಮ್ಮಿ ಇದೆ, ನಾಳೆ ಬನ್ನಿ ಅನ್ನಿಸಿಕೊಂಡು ವಾಪಸ್ ಬರುವುದು. ಈ ಗೇಮ್ ನಮ್ಮನ್ನು ಆ ಕಡೆ ಕೂರಿಸುತ್ತದೆ. ಸ್ವಲ್ಪ ಹೊತ್ತಿಗೆ ನಾನೇ 'ನಾಳೆ ಬನ್ನಿ' ಮನುಷ್ಯ ಆಗಿಬಿಟ್ಟಿದ್ದೆ, ಯಾಕೆಂದರೆ ಕ್ಯೂ ಬೆಳೆಯುತ್ತಿದೆ, ಮಗನಿಗೆ ಔಷಧಿ ತರಬೇಕು. ಒಂದು ದಿನ ಪಕ್ಕದಲ್ಲಿ ಕೂತಿದ್ದ ಒಬ್ಬರು ಹಿರಿಯರು ದಾಬಸ್‌ಪೇಟೆಯಿಂದ ಯಶವಂತಪುರದವರೆಗೂ ನನ್ನ ಫೋನ್ ನೋಡುತ್ತಿದ್ದರು. ಆಮೇಲೆ ತಡೆಯಲಾಗದೆ "ಅವಂದು ಡೇಟ್ ಮುಗಿದೋಗಿದೆ ನೋಡ್ರಿ, ಬಿಡ್ಬೇಡಿ" ಅಂದರು. ಕೇಳಿದರೆ ಗುಮಾಸ್ತರಾಗಿ ರಿಟೈರ್ ಆದವರಂತೆ. ಗೇಮಿನಲ್ಲಿ ಜಾರ್ಜಿ ಅಂತ ಒಬ್ಬ ಮುದುಕ ಬರುತ್ತಾನೆ, ಕೈಯಲ್ಲೇ ಬಣ್ಣ ಬಳಿದು ಮಾಡಿಕೊಂಡ ಪಾಸ್‌ಪೋರ್ಟ್, ಅದರಲ್ಲಿರುವ ದೇಶವೇ ಭೂಮಿ ಮೇಲೆ ಇಲ್ಲ! ವಾಪಸ್ ಕಳಿಸಿದರೆ ಬೇಜಾರೇ ಇಲ್ಲ, ಮತ್ತೆ ಬರ್ತೀನಿ ಅಂತ ಹೋಗುತ್ತಾನೆ. ಅವನು ಬಂದಾಗ ಆ ಹಿರಿಯರು ಇರಬೇಕಿತ್ತು ಅನ್ನಿಸಿತು.

ಇದು ಒಟ್ಟು 20 ಥರ ಮುಗಿಯಬಹುದು. ನಾನು ಎಲ್ಲಾ ನೋಡಲು ಹೋಗಲಿಲ್ಲ.

ಅದೇ ಲೂಕಸ್ ಪೋಪ್ 2018ರಲ್ಲಿ ಮಾಡಿದ 'ರಿಟರ್ನ್ ಆಫ್ ದಿ ಓಬ್ರಾ ಡಿನ್' ಲ್ಯಾಪ್‌ಟಾಪಿನಲ್ಲಿ ಆಡಿದೆ. ಈಚೆಗೆ ಆಡಿದ್ದರಲ್ಲಿ ಇದೇ ದೊಡ್ಡದು. ಗಾತ್ರದಲ್ಲಿ ಚಿಕ್ಕದೇ. 1807ನೇ ಇಸವಿ. ಕಾಣೆಯಾಗಿದ್ದ ಹಡಗೊಂದು ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತಾನಾಗೇ ತೇಲಿಕೊಂಡು ಬರುತ್ತದೆ. ಒಳಗೆ ಜೀವಂತ ಒಬ್ಬರೂ ಇಲ್ಲ. ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮೆ ಲೆಕ್ಕ ನೋಡುವವರು. ಹಡಗಿನಲ್ಲಿದ್ದ 60 ಜನರಲ್ಲಿ ಯಾರು ಯಾರು, ಪ್ರತಿಯೊಬ್ಬರಿಗೂ ಏನಾಯಿತು, ಸತ್ತಿದ್ದರೆ ಹೇಗೆ ಸತ್ತರು, ಕೊಂದವರು ಯಾರು, ಇಷ್ಟನ್ನು ಪುಸ್ತಕದಲ್ಲಿ ತುಂಬಬೇಕು.

ಕೈಯಲ್ಲಿ ಒಂದು ಗಡಿಯಾರ ಇರುತ್ತದೆ. ಹೆಣದ ಹತ್ತಿರ ಹೋಗಿ ಅದರ ಮುಚ್ಚಳ ತೆರೆದರೆ ಆ ಮನುಷ್ಯ ಸತ್ತ ಕ್ಷಣಕ್ಕೆ ಹೋಗುತ್ತೀರಿ. ಮೊದಲು ಕತ್ತಲೆಯಲ್ಲಿ ಬರೀ ಮಾತು, ಸದ್ದು. ಆಮೇಲೆ ಎಲ್ಲರೂ ನಿಂತಲ್ಲೇ ನಿಂತ ದೃಶ್ಯ, ಅದರೊಳಗೆ ನೀವು ಮಾತ್ರ ಓಡಾಡಬಹುದು. ಚಿತ್ರ ಪೂರ್ತಿ ಎರಡೇ ಬಣ್ಣ, ಹಳೇ ಕಂಪ್ಯೂಟರ್ ಪರದೆಯ ಥರ ಬರೀ ಚುಕ್ಕೆ. ಮೊದಮೊದಲು ಕಣ್ಣಿಗೆ ಕಿರಿಕಿರಿ ಆಗುತ್ತದೆ, ಆಮೇಲೆ ಗಮನಕ್ಕೇ ಬರುವುದಿಲ್ಲ.

ಇದರಲ್ಲಿ ಓಡುವುದು, ಹಾರುವುದು, ಗುಂಡು ಹೊಡೆಯುವುದು ಏನೂ ಇಲ್ಲ. ನೋಡುವುದೇ ಕೆಲಸ. ಯಾರು ಯಾವ ತೂಗುಹಾಸಿಗೆಯಲ್ಲಿ ಮಲಗಿದ್ದಾರೆ, ಅದರ ನಂಬರ್ ಎಷ್ಟು, ಯಾರ ಮಾತಿನ ಧಾಟಿ ಎಲ್ಲಿಯದು, ಅಡುಗೆಮನೆ ಹತ್ತಿರ ಯಾವಾಗಲೂ ಸುಳಿದಾಡುವವನು ಯಾರು, ಯಾರ ಬೆರಳಲ್ಲಿ ಉಂಗುರ ಇದೆ, ಇಂಥವನ್ನು ಇಟ್ಟುಕೊಂಡು ಹೆಸರು ಹೊಂದಿಸಬೇಕು. ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಕೆಲಸ, ದೇಶ ಬರೆದಿರುತ್ತದೆ. ಅದರಲ್ಲಿ ಇಂಡಿಯಾದ ಖಲಾಸಿಗಳೂ ಇದ್ದಾರೆ. ಅವರನ್ನು ಹುಡುಕುವಾಗ ನನಗೆ ಸ್ವಲ್ಪ ಜಾಸ್ತಿ ಆಸಕ್ತಿ ಇತ್ತು ಅನ್ನೋದು ನಿಜ. ನಮ್ಮ ಶಾಲೆಯ ಇತಿಹಾಸದ ಪಾಠದಲ್ಲಿ ಕಂಪನಿ ಅಂದರೆ ಗವರ್ನರುಗಳು, ಯುದ್ಧಗಳು, ಒಪ್ಪಂದಗಳು. ಅದೇ ಕಂಪನಿ ಕಾಲದ ಹಡಗಿನಲ್ಲಿ ಹಗ್ಗ ಎಳೆದವರು ನಮ್ಮವರೂ ಇದ್ದರು ಅಂತ ಒಂದು ಗೇಮ್ ಆಡುವಾಗ ತಲೆಗೆ ಹೋಯಿತು.

ಇದರ ಜಾಣತನ ಇನ್ನೊಂದು ಕಡೆ ಇದೆ. ನೀವು ಬರೆದದ್ದು ಸರಿಯೋ ತಪ್ಪೋ ಅಂತ ಒಂದೊಂದಕ್ಕೇ ಹೇಳುವುದಿಲ್ಲ. ಮೂರು ಜನರದ್ದು ಪೂರ್ತಿ ಸರಿಯಾದಾಗ ಮಾತ್ರ ಮೂರನ್ನೂ ಒಟ್ಟಿಗೆ ಖಾಯಂ ಮಾಡುತ್ತದೆ. ಹಾಗಾಗಿ ಸುಮ್ನೆ ಅಂದಾಜಿನಲ್ಲಿ ಗುಂಡು ಹಾರಿಸಿದರೆ ಕೆಲಸ ಆಗೋದಿಲ್ಲ. ಎರಡು ಗಟ್ಟಿ ಇದ್ದರೆ ಮೂರನೆಯದಕ್ಕೆ ಒಂದು ಊಹೆ ಹಾಕಬಹುದು, ಅಷ್ಟು ಸಡಿಲ ಬಿಟ್ಟಿದ್ದಾರೆ. ಅದೂ ಸರಿಯಾದ ಅಳತೆಯಲ್ಲಿ. ಆ ಮೂರು ಹೆಸರು ಒಟ್ಟಿಗೆ ಅಚ್ಚಾದಾಗ ಆಗುವ ಖುಷಿ ಬಿಜಿಎಂಐನಲ್ಲಿ ಕೊನೆಯವನಾಗಿ ಉಳಿದಾಗಲೂ ನನಗೆ ಆಗಿಲ್ಲ. ಒಂದೇ ಬೇಜಾರು, ಇದನ್ನು ಎರಡನೇ ಸಲ ಆಡಲು ಆಗುವುದಿಲ್ಲ. ಉತ್ತರ ಗೊತ್ತಿದೆಯಲ್ಲ.

ಇನ್ನು 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ'. ಇದನ್ನು ಕನ್ನಡದವರು ಯಾಕೆ ಹೆಚ್ಚು ಮಾತಾಡುವುದಿಲ್ಲ ಅನ್ನೋದೇ ನನಗೆ ಆಶ್ಚರ್ಯ. 2017ರಲ್ಲಿ ಪ್ಲೇಸ್ಟೇಷನ್‌ಗೆ ಬಂದಿದ್ದು, 2022ರಲ್ಲಿ 'ಅನ್‌ಚಾರ್ಟೆಡ್ 4' ಜೊತೆ ಸೇರಿಸಿ ಕಂಪ್ಯೂಟರ್‌ಗೂ ಬಿಟ್ಟರು. ಕಥೆ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ. ಕ್ಲೋಯಿ, ನಾಡೀನ್ ಅಂತ ಇಬ್ಬರು ಹೆಂಗಸರು ಗಣೇಶನ ದಂತ ಹುಡುಕಿಕೊಂಡು ಹೊರಟಿರುತ್ತಾರೆ, ಅದು ಹೊಯ್ಸಳರ ನಿಧಿಯಂತೆ. ಹಳೇಬೀಡು, ಬೇಲೂರು ಅಂತ ಹೆಸರು ಹಿಡಿದೇ ಮಾತಾಡುತ್ತಾರೆ. ಇಷ್ಟು ದೊಡ್ಡ ಅಮೆರಿಕದ ಕಂಪನಿಯ ಗೇಮಿನಲ್ಲಿ 'ಹೊಯ್ಸಳ' ಅಂತ ಕೇಳಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ನೋಡಲು ಚೆನ್ನಾಗಿದೆ. ಹಸಿರು, ಮಳೆನೀರು, ಕೆಂಪು ಮಣ್ಣಿನ ಕೆಸರಲ್ಲಿ ಜೀಪು. ಆನೆ ಮೇಲೆ ಹೋಗುವ ಒಂದು ಭಾಗ ಇದೆ, ಯಾರನ್ನೂ ಹೊಡೆಯುವ ಗಲಾಟೆ ಇಲ್ಲದೆ ಸುಮ್ನೆ ಸಾಗುತ್ತದೆ, ಇಡೀ ಗೇಮಿನಲ್ಲಿ ನನಗೆ ಇಷ್ಟವಾದದ್ದು ಅದೇ. ಕೊನೆಯ ರೈಲಿನ ಭಾಗವೂ ಭರ್ಜರಿ. ಏಳೆಂಟು ಗಂಟೆಯಲ್ಲಿ ಮುಗಿಯುತ್ತದೆ, ಎಳೆದಾಡುವುದಿಲ್ಲ.

ಆದರೆ ಹೊಯ್ಸಳ ಅಂತ ಅದರಲ್ಲಿ ತೋರಿಸಿರುವುದು ಹೊಯ್ಸಳ ಅಲ್ಲ. ಬೆಟ್ಟದಷ್ಟು ಎತ್ತರದ ಮೂರ್ತಿಗಳು, ಜಲಪಾತದ ಹಿಂದೆ ಅಡಗಿದ ನಗರ. ನಿಜವಾದ ಹಳೇಬೀಡು ಕಾಡಿನಲ್ಲೇ ಇಲ್ಲ, ಕೆರೆ ಪಕ್ಕ ಬಯಲಿನಲ್ಲಿದೆ. ಬಸ್ಸಿಳಿದು ನಡೆದುಕೊಂಡೇ ಹೋಗಬಹುದು. ಹೊಯ್ಸಳರ ಗುಡಿಗಳು ಎತ್ತರದಿಂದ ಹೆದರಿಸುವುದಿಲ್ಲ. ಬಳಪದ ಕಲ್ಲಿನಲ್ಲಿ ಬೆರಳಗಲದ ಜಾಗಕ್ಕೂ ಕೆತ್ತನೆ ತುಂಬಿಸಿ ಹತ್ತಿರ ಬಾ ಅನ್ನುತ್ತವೆ. ನಮ್ಮ ಜಿಲ್ಲೆಯಲ್ಲೇ ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗಿ ನೋಡಿ, ಚಿಕ್ಕ ಚೆನ್ನಕೇಶವ ಗುಡಿ, ಒಂದು ಸುತ್ತು ಬರಲು ಐದು ನಿಮಿಷ ಸಾಕು, ಸರಿಯಾಗಿ ನೋಡಲು ಅರ್ಧ ದಿನ ಸಾಲದು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತಲ್ಲ, ಅದು ಈ ಕುಸುರಿ ಕೆಲಸಕ್ಕೆ ಸಿಕ್ಕ ಮರ್ಯಾದೆಯೂ ಹೌದು.

ಗೇಮ್ ನಿಮ್ಮ ಕೈಗೆ ಕೊಡುವುದು ಹಗ್ಗ ಮತ್ತು ಬಂದೂಕು. ಗೋಡೆ ಬಂದರೆ ಅದು ಹತ್ತುವುದಕ್ಕೆ, ಕಂಬ ಬಂದರೆ ಬಚ್ಚಿಟ್ಟುಕೊಳ್ಳುವುದಕ್ಕೆ. ನಿಂತು ನೋಡುವ ಕೆಲಸವನ್ನು ಅದು ಕೊಡುವುದೇ ಇಲ್ಲ. 11 ಹೊಯ್ಸಳ ಬಿಲ್ಲೆಗಳನ್ನು ಹುಡುಕಿದರೆ ಒಂದು ಕೈಬಳೆ ಸಿಗುತ್ತದೆ, ಅದೂ ಓಡಾಡಿ ಆಯುವ ಕೆಲಸ ಅಷ್ಟೇ. ಓಬ್ರಾ ಡಿನ್ ಮಾಡಿದವರ ಕೈಗೆ ಹಳೇಬೀಡಿನ ಒಂದು ಗೋಡೆ ಕೊಟ್ಟಿದ್ದರೆ ಏನು ಮಾಡುತ್ತಿದ್ದರೋ ಅಂತ ಯೋಚಿಸುತ್ತಾ ಇದ್ದೆ. ಇಷ್ಟೆಲ್ಲಾ ಬೈದರೂ ಆಡಿ ಅಂತಲೇ ಹೇಳುತ್ತೇನೆ. ನಮ್ಮವರು ಇಂಥದ್ದು ಮಾಡುವವರೆಗೆ ಇರುವುದು ಇದೇ ತಾನೇ.

'ಸ್ಟಾರ್‌ಡ್ಯೂ ವ್ಯಾಲಿ' ನಿಜಕ್ಕೂ ಮುಗಿಯುವ ಗೇಮ್ ಅಲ್ಲ. ಮೂರನೇ ವರ್ಷ ಶುರುವಾದಾಗ ಸತ್ತ ತಾತ ಬಂದು ನಿಮ್ಮ ತೋಟಕ್ಕೆ ಮಾರ್ಕ್ಸ್ ಕೊಡುತ್ತಾರೆ, ಅದನ್ನೇ ನಾನು ಮುಗಿದಂತೆ ಅಂದುಕೊಂಡೆ. ಎರಿಕ್ ಬರೋನ್ ಒಬ್ಬರೇ ಮಾಡಿ 2016ರಲ್ಲಿ ಬಿಟ್ಟ ವ್ಯವಸಾಯದ ಗೇಮ್. ಇದನ್ನು ಆಡುವಾಗ ಕೋಲಾರದ ಕಡೆಯಿಂದ ಚಿಕ್ಕಮ್ಮನ ಮಗ ಮನೆಗೆ ಬಂದಿದ್ದ. ಅವನು ನಿಜವಾಗಿ ಟೊಮೊಟೊ ಬೆಳೆಯುವವನು. ನಾನೂ ಟೊಮೊಟೊನೇ ಹಾಕಿದ್ದೆ. ಬೀಜ 50, ಹಣ್ಣು ಒಂದಕ್ಕೆ 60, ಹನ್ನೊಂದು ದಿನಕ್ಕೆ ಮೊದಲ ಕಾಯಿ, ಆಮೇಲೆ ನಾಲ್ಕು ದಿನಕ್ಕೊಂದು ಸಲ ಕೀಳಬಹುದು. ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಶುರು ಮಾಡಿದ ನೋಡಿ.

"ಗೂಟ ಬೇಡ್ವಾ ಇದಕ್ಕೆ?"

ಬೇಡ ಅಂದೆ.

"ಅಣ್ಣ, ಮಂಡಿಗೆ ಯಾವಾಗ ಹೋಗೋದು?" ಮಂಡಿ ಇಲ್ಲ, ಮನೆ ಮುಂದಿನ ಪೆಟ್ಟಿಗೆಯಲ್ಲಿ ಹಾಕಿದರೆ ಬೆಳಿಗ್ಗೆ ಅಷ್ಟೊತ್ತಿಗೆ ದುಡ್ಡು ಬಂದಿರುತ್ತದೆ ಅಂದೆ. ಕಮಿಷನ್? ಇಲ್ಲ. ಬಾಕ್ಸಿನ ಬಾಡಿಗೆ? ಇಲ್ಲ. ಎಷ್ಟು ಹಾಕಿದರೂ ರೇಟ್ ಬೀಳಲ್ವಾ? ಬೀಳಲ್ಲ. ಹಾಗಾದ್ರೆ ಏರೋದೂ ಇಲ್ವಾ ಅಂದ. ಆಗ ನಾನು ಸ್ವಲ್ಪ ಸುಮ್ಮನಾದೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೇರೆ ಕಾಲದಲ್ಲಿ ಅದೇ ಹಣ್ಣನ್ನು ರಸ್ತೆ ಬದಿ ಸುರಿದಿದ್ದೂ ಇದೆ. ಅವನ ಮನೆಯಲ್ಲಿ ಆ ಏರಿಳಿತವೇ ಜೀವನ. ಗೇಮಿನಲ್ಲಿ ಕೊಳಕ್ಕೆ ಹೋಗಿ ಬಿಂದಿಗೆ ಅದ್ದಿದರೆ ನೀರು ಖಾಲಿಯಾಗುವುದೇ ಇಲ್ಲ. ಸಾವಿರ ಅಡಿ ಬೋರ್ ಕೊರೆಸಿದವನ ಮುಂದೆ ಕೂತು ಅದನ್ನು ಆಡಲು ನನಗೆ ಮುಜುಗರ ಆಯಿತು. ಅವನಿಗೇನೂ ಆಗಲಿಲ್ಲ, ಊರಿಗೆ ಹೋಗುವ ಮುಂಚೆ ತನ್ನ ಫೋನಿಗೆ ಅದನ್ನೇ ಹಾಕಿಸಿಕೊಂಡ. ಟೊಮೊಟೊ ಮಾತ್ರ ಹಾಕಲ್ಲ ಅಂದ, ಹಸು ಸಾಕುತ್ತಾನಂತೆ.

ಒಳ್ಳೇ ಗೇಮ್. ಬೆಳಿಗ್ಗೆ ಎದ್ದು ನೀರು ಹಾಕುವ ಕೆಲಸ ಮನಸ್ಸಿಗೆ ಹಿತ. ಆದರೆ ಸ್ಪ್ರಿಂಕ್ಲರ್ ಬಂದ ದಿನದಿಂದ ಕೈಗೆ ಕೆಲಸ ಕಮ್ಮಿಯಾಗಿ ನನಗೆ ರುಚಿಯೂ ಕಮ್ಮಿಯಾಯಿತು.

'ರೆಡ್ ಡೆಡ್ ರಿಡೆಂಪ್ಷನ್ 2' (ಕುದುರೆ ಮೇಲೆ ಓಡಾಡುವ ಅಮೆರಿಕದ ಡಕಾಯಿತರ ಕಥೆ) ಬಗ್ಗೆ ಎಲ್ಲರೂ ಹೇಳಿರುತ್ತಾರೆ, ನಾನು ಉದ್ದ ಬರೆಯುವುದಿಲ್ಲ. 150 ಜಿಬಿ ಜಾಗ ಬೇಕು. ಕುದುರೆ ಮೈ ಉಜ್ಜುವುದು, ಡ್ರಾಯರ್ ಒಂದೊಂದೇ ಎಳೆದು ನೋಡುವುದು, ಎಲ್ಲಾ ನಿಧಾನ. ಅದಕ್ಕೇ ಬೈಯುವವರೂ ಇದ್ದಾರೆ, ನನಗೆ ಆ ನಿಧಾನವೇ ಇಷ್ಟ. ಆದರೆ ಪ್ರತಿ ಮಿಷನ್ ಕೊನೆಗೆ ನೂರು ಜನರಿಗೆ ಗುಂಡು ಹೊಡೆಯುವುದಕ್ಕೇ ಬರುತ್ತದೆ, ಅಲ್ಲಿ ನನಗೆ ಸಾಕಾಗುತ್ತಿತ್ತು.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಯಾವ ಕಾರ್ಡ್ ಇದೆ ಅಂತ ನೀವು ಬರೆದಿಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪೇಪರ್ಸ್, ಸ್ಟಾರ್‌ಡ್ಯೂ ಎರಡಕ್ಕೂ ಯೋಚನೆ ಬೇಡ. ಅನ್‌ಚಾರ್ಟೆಡ್, ರೆಡ್ ಡೆಡ್ ಆಸೆ ಬಿಡಿ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಡಬೇಡಿ, ಬೇಸಿಗೆ ಮತ್ತು ಚಳಿಗಾಲದ ಸೇಲ್‌ಗೆ ಕಾಯಿರಿ. ತಗೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಓಬ್ರಾ ಡಿನ್ ವಿಷಯದಲ್ಲಿ ಮಾತ್ರ ಆ ಎರಡು ಗಂಟೆ ನಂಬಬೇಡಿ, ಅಷ್ಟು ಹೊತ್ತಿಗೆ ಏನೂ ಅರ್ಥ ಆಗಿರುವುದಿಲ್ಲ. ಯೂಟ್ಯೂಬ್ ನೋಡಬೇಡಿ, ಪಕ್ಕದಲ್ಲಿ ಒಂದು ನೋಟ್‌ಬುಕ್, ಪೆನ್ನು ಇಟ್ಟುಕೊಳ್ಳಿ.